ಬಾಣಂತಿ ಕೋಣೆಯ ಕಪ್ಪು ಗೋಡೆ

ನಾನು ನಿಂತಿದ್ದುದು ಬಾಣಂತಿ ಕೋಣೆಯ ಹೊಸಿಲಿನ ಮೇಲೆ. ಬನಶಂಕರಿ ಎರಡನೇ ಹಂತದ ಬಾಡಿಗೆ ಮನೆ, ೧೯೭೮ರ ನವೆಂಬರ್, ಒಂದು ಭಾನುವಾರ ಬೆಳಿಗ್ಗೆ, ತಿಂಡಿ ಮುಗಿದು ಸ್ವಲ್ಪ ಹೊತ್ತಾಗಿತ್ತು. ಎಡಭುಜ ಬಾಗಿಲ ಚೌಕಟ್ಟಿಗೆ ತಾಗಿತ್ತು. ಕೈಯಲ್ಲಿ ಅಕ್ಕನ ಮಗು. ಎಡಗೈ ಅದರ ಕತ್ತಿನ ಕೆಳಗೆ, ಬಲಗೈ ಎದೆಯ ಮೇಲೆ. ಎದುರಿಗೆ ಬಚ್ಚಲುಮನೆಯ ಕಡೆಯ ಗೋಡೆ, ಅದಕ್ಕೆ ಒರಗಿಸಿಟ್ಟ ಮರದ ಬೀರು. ಬೀರುವಿನ ಒಂದು ಕಡೆ ನನ್ನ ತಾಯಿ, ಇನ್ನೊಂದು ಕಡೆ ಮಗುವಿಗೆ ಎರೆಯಲು ಬರುತ್ತಿದ್ದ ಅಜ್ಜಿ. ಅಕ್ಕ ಮಂಚದ ಪಕ್ಕ ನಿಂತಿದ್ದಳು. ಇಷ್ಟರ ಬಗ್ಗೆ ನನಗೆ ಅನುಮಾನವಿಲ್ಲ.

ಈಗ ಇದನ್ನು ಬರೆಯಲು ಕಾರಣ ಆ ಮಗುವೇ. ಅವಳಿಗೀಗ ಒಬ್ಬ ಮಗನಿದ್ದಾನೆ, ಅವನಿಗೆ ಉಬ್ಬಸ. ನಿಮಗೂ ಚಿಕ್ಕವರಿದ್ದಾಗ ಇತ್ತೇ, ಹುಟ್ಟಿನಿಂದ ಬಂದದ್ದೇ ಎಂದು ಡಾಕ್ಟರು ಕೇಳಿದ್ದಾರೆ. ಅವಳು ನನಗೆ ಫೋನ್ ಮಾಡಿದಳು.

"ಮಾಮ, ಅದು ನನ್ನಲ್ಲೇ ಇತ್ತಾ, ಇಲ್ಲ ಆ ಮನೆ ಗೋಡೆಯಿಂದ ಬಂತಾ? ಅಮ್ಮ ಒಂದು ಹೇಳ್ತಾಳೆ, ನಮ್ಮಜ್ಜಿ ಇದ್ದಾಗ ಬೇರೇನೇ ಹೇಳೋರು. ನೀವು ಕಣ್ಣಾರೆ ನೋಡಿದ್ದಷ್ಟು ಹೇಳಿ ಸಾಕು."

ಸಾಕು ಎಂದು ಅವಳು ಹೇಳಿದ್ದು ಸುಲಭವಾಗಿ. ಕಂಡದ್ದು ಯಾವುದು, ಆಮೇಲೆ ಮಾತಾಡಿ ಮಾತಾಡಿ ಕಂಡಂತಾದದ್ದು ಯಾವುದು ಎಂದು ಬಿಡಿಸಲು ನನಗೆ ಇಷ್ಟು ವರ್ಷವಾದರೂ ಆಗಿಲ್ಲ.

ಅಕ್ಕ ಚೊಚ್ಚಲ ಹೆರಿಗೆಗೆ ಬಂದಾಗ ಮನೆಯಲ್ಲಿ ನಾವಿದ್ದುದು ತಾಯಿ ಮತ್ತು ನಾನು. ತಂದೆ ತೀರಿಕೊಂಡಿದ್ದರು. ನನಗೆ ಮದುವೆಯಾಗಿರಲಿಲ್ಲ, ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಮಹಡಿಯ ಮೇಲೆ ಮನೆಯ ಓನರ್, ಅವರ ಮಗ ಮತ್ತು ಸೊಸೆ. ಕೆಳಗೆ ನಮಗೆ ಹಜಾರ, ಅಡುಗೆಮನೆ, ಎರಡು ಕೋಣೆ. ದೊಡ್ಡ ಕೋಣೆಗೆ ರಸ್ತೆಯ ಕಡೆ ಎರಡು ಕಿಟಕಿ. ಚಿಕ್ಕ ಕೋಣೆಗೆ ಒಂದೇ ಕಿಟಕಿ, ಅದೂ ಕಾಂಪೌಂಡ್ ಗೋಡೆಗೆ ಮುಖ ಮಾಡಿದ್ದು. ತಾಯಿ ಯೋಚಿಸದೆ ಚಿಕ್ಕದನ್ನೇ ಆರಿಸಿದರು. ಬಾಣಂತಿಗೆ ಬೆಚ್ಚಗಿರುವ ಕೋಣೆ ಬೇಕು. ಆ ಕೋಣೆಯ ಗೋಡೆಯ ಆಚೆ ಬಚ್ಚಲುಮನೆ, ಅಲ್ಲಿ ಹಂಡೆ ಒಲೆ. ಬೆಳಿಗ್ಗೆ ಹೊತ್ತಿಸಿದರೆ ಮಧ್ಯಾಹ್ನದವರೆಗೂ ಬಿಸಿ ಆರುತ್ತಿರಲಿಲ್ಲ. ಒಲೆಯ ಪಕ್ಕದಲ್ಲೇ ಸಿಮೆಂಟಿನ ನೀರಿನ ತೊಟ್ಟಿ. ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುತ್ತಿದ್ದುದರಿಂದ ಅದನ್ನು ತುಂಬಿಸಿಟ್ಟುಕೊಳ್ಳುತ್ತಿದ್ದೆವು. ಒಲೆಗೂ ತೊಟ್ಟಿಗೂ ಕೋಣೆಗೂ ಇದ್ದದ್ದು ಅದೊಂದೇ ಗೋಡೆ.

ಕಿಟಕಿ ಮುಚ್ಚಿದ್ದು ನಾನೇ. ತಾಯಿ ಮೈದಾ ಅಂಟು ಕಾಯಿಸಿಕೊಟ್ಟರು. ರೆಕ್ಕೆಗಳ ಸಂದಿಗೆಲ್ಲ ನ್ಯೂಸ್‌ಪೇಪರ್ ಅಂಟಿಸಿ, ಮೇಲೆ ಹಳೆಯ ಕಂಬಳಿ ಇಳಿಬಿಟ್ಟೆ. ಎಲ್ಲರ ಮನೆಯಲ್ಲೂ ಹಾಗೇ ಮಾಡುತ್ತಿದ್ದರು. ಬಾಣಂತಿಗೆ ಗಾಳಿ ಸೋಕಿದರೆ ಮುದುಕಿಯಾದ ಮೇಲೆ ಕೈಕಾಲು ಹಿಡಿದುಕೊಳ್ಳುತ್ತದೆ ಎಂದು ನಂಬಿದ್ದರು. ಅಕ್ಕನ ಕಿವಿಗೆ ಹತ್ತಿ, ತಲೆಗೆ ಕಟ್ಟಿದ ಬಟ್ಟೆ. ದಿನಾ ಬೆಳಿಗ್ಗೆ ಅಕ್ಕನಿಗೂ ಮಗುವಿಗೂ ಬಿಸಿನೀರಿನ ಸ್ನಾನ. ಅದಾದ ಮೇಲೆ ಮಂಚದ ಕೆಳಗೆ ಅಗ್ಗಿಷ್ಟಿಕೆ, ಅದರಲ್ಲಿ ಕೆಂಡ, ಕೆಂಡದ ಮೇಲೆ ಸಾಂಬ್ರಾಣಿ, ಬೆಳ್ಳುಳ್ಳಿ ಸಿಪ್ಪೆ, ಓಮದ ಪುಡಿ. ಹೊಗೆ ಬಾಗಿಲಿಂದ ಹಜಾರಕ್ಕೆ ಬರುತ್ತಿತ್ತು. ಕಚೇರಿಯಲ್ಲಿ ಪಕ್ಕದ ಮೇಜಿನವರು ನನ್ನ ಅಂಗಿ ಮೂಸಿ, "ಏನ್ ಗುರು, ಪೂಜೆ ಮುಗಿಸ್ಕೊಂಡೇ ಬಂದ್ಯಾ?" ಎಂದು ನಗುತ್ತಿದ್ದರು.

ಎರೆಯುವ ಅಜ್ಜಿ ಇಟ್ಟಮಡುವಿನಿಂದ ನಡೆದು ಬರುತ್ತಿದ್ದರು. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಚೊಂಬು ಚೊಂಬು ನೀರು ಹೊಯ್ಯುವಾಗ ಅದರ ಮೂಗು, ಹಣೆ, ಕೈಕಾಲು ಎಲ್ಲವನ್ನೂ ಬಾಯಿತುಂಬ ವರ್ಣಿಸುತ್ತಿದ್ದರು. ಕೊನೆಗೆ ಹಂಡೆಯಿಂದಲೇ ಒಂದಿಷ್ಟು ನೀರು ತೆಗೆದು ಬಜೆ ತೇಯ್ದು ನಾಲಿಗೆಗೆ ಸವರುತ್ತಿದ್ದರು. ಹಂಡೆ ನೀರು ಕಾದ ನೀರು, ಅದರಲ್ಲಿ ದೋಷವಿಲ್ಲ ಎಂದು ನಾವೆಲ್ಲ ತಿಳಿದಿದ್ದೆವು.

ಮೊದಲ ತಿಂಗಳು ಮಗು ಚೆನ್ನಾಗಿತ್ತು. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಈಗಿನ ಪ್ರಶ್ನೆಗೆ ಅದೇ ಮುಖ್ಯ. ಅಥವಾ ಚೆನ್ನಾಗಿತ್ತು ಎಂದು ಹೊರಗಿನಿಂದ ನನಗೆ ಅನ್ನಿಸಿತ್ತು. ಪುರುಡು ಕಳೆಯುವವರೆಗೆ ನಾನು ಒಳಗೆ ಹೋಗುವಂತಿರಲಿಲ್ಲ, ಆಮೇಲೂ ಹೋದದ್ದು ಕಡಿಮೆ.

ಮಳೆ ಹಿಡಿದುಕೊಂಡ ಮೇಲೆ ಸದ್ದು ಶುರುವಾಯಿತು. ಉಸಿರೆಳೆಯುವಾಗ ಎದೆಯಲ್ಲಿ ಗೊರಗೊರ. ಹಾಲು ಕುಡಿಯುತ್ತ ಕುಡಿಯುತ್ತ ಬಿಟ್ಟುಬಿಡುತ್ತಿತ್ತು. ಪಕ್ಕೆ ಒಳಕ್ಕೆ ಸೆಳೆಯುತ್ತಿತ್ತು. ತಾಯಿ ಮೊದಲು ಅಕ್ಕನನ್ನು ಹಿಡಿದುಕೊಂಡರು.

"ಏನ್ ತಿಂದೆ ನಿಜ ಹೇಳು. ಸೀತಾಫಲ ತಿಂದ್ಯಾ?"

"ಸೀತಾಫಲ ಎಲ್ಲಿಂದ ಬರ್ಬೇಕಮ್ಮ ಈ ಗುಹೇಲಿ? ನೀನ್ ಕೊಟ್ಟಿದ್ ಮೆಣಸಿನ ಸಾರು ಬಿಟ್ರೆ ಬೇರೆ ಏನಾದ್ರೂ ಕಂಡಿದೀನಾ ನಾನು?"

"ಹಾಲು ಕುಡ್ಸೋಳು ಮಾತಾಡೋ ಮಾತಾ ಇದು? ನಿನ್ನ ಬಾಯಿಗೇ ಹೆದರ್ಕೊಂಡು ಮಗು ಉಸಿರು ಬಿಗಿ ಹಿಡೀತಿದೆ."

ಎರೆಯುವ ಅಜ್ಜಿಗೆ ಬೇರೆ ಅಭಿಪ್ರಾಯವಿತ್ತು. "ದೃಷ್ಟಿ ಕಣವ್ವ. ಮೇಲ್ಗಡೆ ಸೊಸೆಗೆ ಮಕ್ಕಳಿಲ್ಲ, ದಿನಾ ಬಂದು ಇಣುಕ್ತಾಳೆ." ತಾಯಿ ಅವರನ್ನು ಗದರಿಸಿದರು. ಗದರಿಸಿದವರೇ ಸಂಜೆ ಮೆಣಸಿನಕಾಯಿ, ಉಪ್ಪು ನಿವಾಳಿಸಿ ಕೆಂಡಕ್ಕೆ ಹಾಕಿದರು. ಘಾಟು ಬರಲಿಲ್ಲ, ಆದ್ದರಿಂದ ದೃಷ್ಟಿಯೇ ನಿಜ ಎಂದು ಸಾಬೀತಾಯಿತು. ಕೆಮ್ಮು ಮಾತ್ರ ಬಂತು, ಮಗುವಿಗೆ.

ಜಯನಗರದಲ್ಲಿ ನಮಗೆ ಗೊತ್ತಿದ್ದ ಡಾಕ್ಟರೊಬ್ಬರಿದ್ದರು. ಆಟೋದಲ್ಲಿ ಕರೆದುಕೊಂಡು ಹೋದೆವು. ಇಲ್ಲಿಂದ ನನಗೆ ಗೊಂದಲ ಹೆಚ್ಚಾಗುತ್ತ ಹೋಗುತ್ತದೆ. ಮನೆ ಬಿಡುವಾಗ ಮಗುವಿನ ಎದೆ ಕಮ್ಮಾರನ ತಿದಿಯಂತೆ ಸದ್ದು ಮಾಡುತ್ತಿತ್ತು. ಅಲ್ಲಿ ತಲುಪಿ, ನಮ್ಮ ಸರದಿ ಬರುವವರೆಗೆ ಹೊರಗಿನ ಬೆಂಚಿನಲ್ಲಿ ಕೂತು, ಒಳಗೆ ಹೋದಾಗ ಅದು ಸುಮ್ಮನೆ ನಿದ್ದೆ ಮಾಡುತ್ತಿತ್ತು. ಡಾಕ್ಟರು ಎದೆಗೆ, ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು.

"ಏನೂ ಇಲ್ವಲ್ಲಮ್ಮ. ಎದೆ ಕ್ಲಿಯರ್ ಆಗಿದೆ. ಮೊದಲನೇ ಮಗು ಅಲ್ವಾ? ಗಾಬರಿ ಜಾಸ್ತಿ."

ಒಂದು ಬಾಟಲಿ ಸಿರಪ್ ಬರೆದುಕೊಟ್ಟರು. ಮನೆಗೆ ಬಂದ ಮಾರನೇ ಬೆಳಿಗ್ಗೆ ಮತ್ತೆ ಅದೇ ಗೊರಗೊರ. ಎರಡನೇ ಸಲ ಹೋದಾಗಲೂ ಹೀಗೇ ಆಯಿತು. ಅಲ್ಲಿ ಸರಿ, ಮನೆಗೆ ಬಂದ ಮೇಲೆ ತೊಂದರೆ. ತಾಯಿ ಇದರಿಂದ ತೀರ್ಮಾನಿಸಿದ್ದು: ಮಗುವನ್ನು ಹೊರಗೆ ಕರೆದುಕೊಂಡು ಹೋಗಬಾರದು. ಹೋದಾಗಲೆಲ್ಲ ಗಾಳಿ ಸೋಕುತ್ತದೆ, ಸೋಕಿದ ಗಾಳಿ ಮಾರನೇ ದಿನ ತನ್ನ ಕೆಲಸ ತೋರಿಸುತ್ತದೆ. ನನಗೂ ಅದು ಸರಿಯೆಂದೇ ತೋರಿತು. ಕಿಟಕಿಯ ಕಾಗದ ಒಂದು ಕಡೆ ಬಿಟ್ಟುಕೊಂಡಿತ್ತು, ಮತ್ತೆ ಅಂಟಿಸಿದೆ. ಅಗ್ಗಿಷ್ಟಿಕೆಗೆ ಇನ್ನಷ್ಟು ಕೆಂಡ ಬಿತ್ತು.

ಗೋಡೆ ಕಪ್ಪಾಗುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. ಬೀರುವಿನ ಅಂಚಿನಿಂದ ಹೊರಕ್ಕೆ, ನೆಲದ ಕಡೆಯಿಂದ ಮೇಲಕ್ಕೆ, ಕಪ್ಪು ಚುಕ್ಕೆಗಳು ಹಬ್ಬಿದ್ದವು. ಅದನ್ನು ನಾವ್ಯಾರೂ ಅನುಮಾನದಿಂದ ನೋಡಲಿಲ್ಲ. ಬಾಣಂತಿ ಕೋಣೆಯ ಗೋಡೆ ಕಪ್ಪಾಗುವುದು ಹೊಗೆಯಿಂದ. ತಾಯಿ ಕಂಡ ಎಲ್ಲ ಬಾಣಂತನಗಳಲ್ಲೂ ಗೋಡೆ ಕಪ್ಪಾಗಿತ್ತು, ಎಲ್ಲ ಮುಗಿದ ಮೇಲೆ ಸುಣ್ಣ ಬಳಿಸಿದ್ದರು. ಶುಕ್ರವಾರ ಶುಕ್ರವಾರ ಅವರು ಒದ್ದೆ ಬಟ್ಟೆಯಲ್ಲಿ ಕೈಗೆ ಎಟುಕಿದಷ್ಟು ಒರೆಸುತ್ತಿದ್ದರು. ಆ ಬಟ್ಟೆಯನ್ನು ಬಚ್ಚಲಲ್ಲಿ ಜಾಲಿಸಿ, ಕೋಣೆಯಲ್ಲೇ ಮಂಚದ ಕೋಲಿಗೆ ಹರವುತ್ತಿದ್ದರು. ಮಳೆಯಲ್ಲಿ ಹೊರಗೆ ಏನೂ ಒಣಗುತ್ತಿರಲಿಲ್ಲ. ಮಗುವಿನ ಲಂಗೋಟಿಗಳೂ ಅಲ್ಲೇ ಒಣಗುತ್ತಿದ್ದವು.

ಓನರ್ ಒಮ್ಮೆ ಬಾಗಿಲಲ್ಲಿ ನಿಂತು ನೋಡಿದರು. "ಏನಮ್ಮ, ಹೊಗೆ ಹಾಕಿ ಹಾಕಿ ನನ್ನ ಗೋಡೇನ ರೈಲು ಇಂಜಿನ್ ಮಾಡಿಟ್ಟಿದೀರಲ್ಲ."

"ನಿಮ್ಮನೇಲೂ ಒಂದು ಬಾಣಂತನ ಆಗ್ಲಿ ಸಾರ್, ಆವಾಗ ಮಾತಾಡೋಣ," ಎಂದರು ತಾಯಿ. ಅಂದ ತಕ್ಷಣ ನಾಲಿಗೆ ಕಚ್ಚಿಕೊಂಡರು. ಅವರ ಸೊಸೆ ಮೆಟ್ಟಿಲ ಮೇಲೆಯೇ ಇದ್ದರು.

ಆ ಭಾನುವಾರ ಬೆಳಿಗ್ಗೆ ಮಗುವಿನ ತುಟಿಯ ಸುತ್ತ ಬಣ್ಣ ಬದಲಾಗಿತ್ತು. ನೀಲಿ ಎಂದು ಅಕ್ಕ ಹೇಳುತ್ತಾಳೆ. ನಾನು ಕಂಡದ್ದು ಬೂದಿಯ ಬಣ್ಣ. ಸ್ನಾನ ಆಗಿತ್ತು, ಹೊಗೆಯೂ ಆಗಿತ್ತು. ಅಕ್ಕ ಬೀರುವಿನಿಂದ ಒಂದು ಸೀರೆ ತೆಗೆದಳು, ಮಗುವಿಗೆ ಹೊದಿಸಲು. ಮಡಿಕೆಯಲ್ಲೆಲ್ಲ ಕಪ್ಪು ಚುಕ್ಕೆ. ಮೂಸಿ ನೋಡಿ ಮುಖ ಕಿವುಚಿದಳು.

"ಅಮ್ಮ, ಹೊಗೆ ಬೀರು ಒಳಗೂ ಹೋಗುತ್ತಾ? ಬಾಗಿಲು ಮುಚ್ಚಿರ್ತೀವಲ್ಲ."

"ಹೋಗಿರುತ್ತೆ ಬಿಡೆ. ಮಗೂನ ನೋಡು ಮೊದ್ಲು."

"ಮಗೂಗೋಸ್ಕರಾನೇ ಕೇಳ್ತಿರೋದು. ಬೀರು ಸರಿಸು ಒಂದ್ಸಲ. ಹಿಂದುಗಡೆ ಏನೋ ಇದೆ. ಇಲಿ ಸತ್ತಿದ್ಯೋ ಏನೋ."

ತಾಯಿ ನನ್ನನ್ನು ಕೂಗಿದರು. ಬೀರು ತಳ್ಳಲು ಕರೆದಿದ್ದಾರೆಂದು ಹೋದರೆ, ಮಗುವನ್ನು ನನ್ನ ಕೈಗಿಟ್ಟರು. "ನೀನು ಅಲ್ಲೇ ನಿಂತ್ಕೊ. ಅಕ್ಕ ಭಾರ ಎತ್ತೋ ಹಾಗಿಲ್ಲ. ನಾವಿಬ್ರು ತಳ್ತೀವಿ." ಹಾಗಾಗಿ ನಾನು ಹೊಸಿಲ ಮೇಲೆ ನಿಂತೆ.

ಬೀರು ಮೊದಲು ಅಲುಗಲಿಲ್ಲ. ಅದರ ಕಾಲುಗಳು ನೆಲಕ್ಕೆ ಹಿಡಿದುಕೊಂಡಂತಿದ್ದವು. ಅಜ್ಜಿ ಸೊಂಟಕ್ಕೆ ಸೆರಗು ಬಿಗಿದು, "ಅವ್ವಾ, ಒಂದೇ ಸಲ ನೂಕಣ," ಎಂದರು. ನೂಕಿದರು. ಬೀರು ಒಂದು ಮೊಳದಷ್ಟು ಸರಿಯಿತು. ಹಜಾರದಿಂದ ನನ್ನ ಹೆಗಲ ಮೇಲಾಗಿ ಬೆಳಕು ಒಳಗೆ ಬೀಳುತ್ತಿತ್ತು, ಆ ಬೆಳಕಿನಲ್ಲಿ ಗೋಡೆ ಕಂಡಿತು.

ಅದು ಮಸಿಯಾಗಿರಲಿಲ್ಲ. ಮಸಿ ಗೋಡೆಗೆ ಅಂಟಿಕೊಂಡಿರುತ್ತದೆ, ಇದು ಎದ್ದು ನಿಂತಿತ್ತು. ಹಳಸಿದ ಅನ್ನದ ಮೇಲೆ, ಕೆಟ್ಟ ಉಪ್ಪಿನಕಾಯಿಯ ಜಾಡಿಯಲ್ಲಿ ಬರುವಂಥ ಬೂಷ್ಟು, ಆಳೆತ್ತರಕ್ಕೆ. ನಡುವೆ ಕಡುಕಪ್ಪು, ಅಂಚಿನಲ್ಲಿ ಬೂದು, ಅಲ್ಲಲ್ಲಿ ನಯವಾದ ರೋಮ. ಬೀರುವಿನ ಬೆನ್ನಿನ ಹಲಗೆಯಲ್ಲೂ ಅದೇ. ಸುಣ್ಣ ಉಬ್ಬಿ ಹಪ್ಪಳದಂತೆ ಬಿಟ್ಟುಕೊಂಡಿತ್ತು, ಬೀರು ಉಜ್ಜಿದ ಕಡೆ ಉದುರಿತು. ಉದುರಿದ್ದರಿಂದ ಒಂದು ಧೂಳು ಎದ್ದು ಬೆಳಕಿನಲ್ಲಿ ತೇಲಿತು. ನನ್ನ ಮೂಗಿಗೆ ಮಣ್ಣಿನ ವಾಸನೆ ಬಡಿಯಿತು.

ಆಗ ನನ್ನ ಬಲಗೈಯ ಕೆಳಗೆ ಮಗುವಿನ ಎದೆ ನಿಂತಿತು. ನಿಂತಿತು ಎಂದು ಬರೆದಿದ್ದೇನೆ. ಬೇರೆ ಪದ ಸಿಗುತ್ತಿಲ್ಲ. ಒಂದು ಸಲ ಕೆಮ್ಮಿ, ಮೈ ಸೆಟೆದು, ಬಾಯಿ ತೆರೆದುಕೊಂಡೇ ಇತ್ತು, ಸದ್ದಿರಲಿಲ್ಲ.

ನಾನು ತಿರುಗಿ ಹಜಾರ ದಾಟಿ ಅಂಗಳಕ್ಕೆ ಹೋದೆ. ಓಡಿದೆನೋ ನಡೆದೆನೋ ಗೊತ್ತಿಲ್ಲ. ಯಾಕೆ ಹೊರಗೆ ಹೋದೆ ಎಂಬುದೂ ಗೊತ್ತಿಲ್ಲ. ಗಾಳಿ ಬೇಕೆಂದು ಯೋಚಿಸಿರಲಿಲ್ಲ, ನನಗೆ ಹೇಳಿಕೊಟ್ಟಿದ್ದುದು ಗಾಳಿ ಬೇಡವೆಂದೇ. ಬಹುಶಃ ಆಟೋ ಹಿಡಿಯಬೇಕು ಎಂದಿದ್ದಿರಬಹುದು. ಅಲ್ಲಿದ್ದ ಸೀಬೆ ಮರದ ಕೆಳಗೆ ನಿಂತಾಗ ಮಗು ಒಂದು ಉದ್ದನೆಯ ಉಸಿರೆಳೆದುಕೊಂಡಿತು. ಆಮೇಲೆ ಅತ್ತಿತು. ಹನಿ ಮಳೆ ಬೀಳುತ್ತಿತ್ತು, ಅದರ ಹಣೆ ಒದ್ದೆಯಾಗುತ್ತಿತ್ತು. ನಾನು ಒರೆಸಲಿಲ್ಲ. ಕೈ ತೆಗೆಯಲು ಭಯ.

ಹಿಂದೆಯೇ ಮೂವರೂ ಬಂದರು. ಅಜ್ಜಿಯ ಕೈಯಲ್ಲಿ ಚೊಂಬಿತ್ತು, ಮಗುವಿನ ಮುಖಕ್ಕೆ ನೀರು ಚಿಮುಕಿಸಿದರು. ತಾಯಿ ಎರಡೂ ಕೈ ಚಾಚಿದರು.

"ಕೊಡೋ ಇಲ್ಲಿ. ಮಳೇಲಿ ನಿಲ್ಲಿಸಿದೀಯಲ್ಲೋ ಹಸುಗೂಸನ್ನ. ಒಳಗೆ ಕೊಡು."

ಅಕ್ಕನ ತಲೆಯ ಬಟ್ಟೆ ಎಲ್ಲೋ ಬಿದ್ದುಹೋಗಿತ್ತು. ಒದ್ದೆ ಕೂದಲು, ಬರಿಗಾಲು. ಅವಳೂ ಕೈ ಚಾಚಿದಳು.

"ಒಳಗೆ ಬೇಡ ಕಣೋ. ನಂಗೆ ಕೊಡು."

"ನಿಂಗೇನೇ ಗೊತ್ತು? ಬಾಣಂತಿ ನೀನು, ಗಾಳಿಗೆ ನಿಂತಿದೀಯ."

"ನಿಂತ್ಕೋತೀನಿ. ಗಾಳಿ ನಂಗ್ ಬಡೀಲಿ ಬಿಡಮ್ಮ. ಒಳಗೆ ಆ ಗೋಡೆ ಮುಂದೆ ನನ್ನ ಮಗೂನ ಮಲಗ್ಸಲ್ಲ."

ನಾನು ಅಕ್ಕನಿಗೆ ಕೊಟ್ಟೆ. ತಾಯಿಯ ಕೈಗಳು ಸ್ವಲ್ಪ ಹೊತ್ತು ಹಾಗೇ ಇದ್ದವು. ಅಕ್ಕ ಸೆರಗಿನೊಳಗೆ ಹಾಕಿಕೊಂಡು ಅಲ್ಲೇ ಮೆಟ್ಟಿಲ ಬುಡದಲ್ಲಿ ಕೂತು ಹಾಲು ಕೊಟ್ಟಳು. ಮಗು ಕುಡಿಯಿತು.

ಡಾಕ್ಟರನ್ನು ನಾನು ಮನೆಗೇ ಕರೆತಂದೆ. ಭಾನುವಾರವಾದರೂ ಬಂದರು. ಈಗ ಅವರ ಕಿವಿಗೆ ಮಗುವಿನ ಎದೆಯಲ್ಲಿ ಸದ್ದು ಸಿಕ್ಕಿತು. ಕೋಣೆಗೆ ಹೋಗಿ ಗೋಡೆ ನೋಡಿದರು, ಅಗ್ಗಿಷ್ಟಿಕೆ ನೋಡಿದರು, ಬಜೆ ತೇಯುವ ನೀರು ಯಾವುದೆಂದು ಕೇಳಿದರು.

"ಹಂಡೆ ನೀರು ಸಾರ್, ಕಾದಿರುತ್ತೆ," ಎಂದರು ತಾಯಿ.

"ಕಾದಿರುತ್ತೆ ಸರಿ. ಕುದ್ದಿರುತ್ತಾ?"

ಕುದಿಯುವ ನೀರಿನಲ್ಲಿ ಯಾರು ಸ್ನಾನ ಮಾಡುತ್ತಾರೆ. ಹಂಡೆಗೆ ನೀರು ತುಂಬುತ್ತಿದ್ದ ತೊಟ್ಟಿಗೆ ಮುಚ್ಚಿದ್ದ ಹಲಗೆಯನ್ನು ನಾನು ತೆಗೆದು ತೋರಿಸಿದೆ. ನೀರಿನ ಕೆಳಗೆ ಪಾಚಿ ಹಾಸಿತ್ತು. ಗೋಡೆಯ ಕಡೆಯ ಮೂಲೆಯಲ್ಲಿ ಕೂದಲೆಳೆಯಂಥ ಬಿರುಕೂ ಇತ್ತು.

"ಸಾರ್, ಯಾವುದರಿಂದ ಬಂತು ಇದು?" ಎಂದು ಕೇಳಿದೆ.

"ಬೂಷ್ಟಿಂದ ಇರಬಹುದು, ಹೊಗೆಯಿಂದ ಇರಬಹುದು, ಬರೀ ಸೋಂಕೂ ಇರಬಹುದು. ನೀರು ಎದೆಗೆ ತೊಂದರೆ ಮಾಡುತ್ತೆ ಅಂತ ಹೇಳಲ್ಲ, ಹೊಟ್ಟೆಗೆ ಮಾಡುತ್ತೆ. ಎಲ್ಲಾ ನಿಲ್ಲಿಸಿ. ಒಂದೊಂದೇ ನಿಲ್ಲಿಸಿ ನೋಡೋ ವಯಸ್ಸಲ್ಲ ಇದು."

ಅವರು ಹೇಳಿದ್ದು ಸರಿ. ಆದರೆ ಅದರಿಂದಾಗಿಯೇ ನನಗೆ ಏನೂ ಗೊತ್ತಾಗದೆ ಹೋಯಿತು. ಆವತ್ತೇ ಅಕ್ಕನನ್ನೂ ಮಗುವನ್ನೂ ದೊಡ್ಡ ಕೋಣೆಗೆ ಸ್ಥಳಾಂತರಿಸಿದೆವು, ಎರಡೂ ಕಿಟಕಿ ತೆರೆದೆವು. ಅಗ್ಗಿಷ್ಟಿಕೆ ಅಟ್ಟ ಸೇರಿತು. ನೀರು ಕುದಿಸಿ ಆರಿಸಿ ಬೇರೆ ಪಾತ್ರೆಯಲ್ಲಿಟ್ಟೆವು. ಡಾಕ್ಟರು ಔಷಧಿಯನ್ನೂ ಬದಲಾಯಿಸಿದ್ದರು. ಎರೆಯುವ ಅಜ್ಜಿ ಹೋಗುವ ಮುಂಚೆ ಇನ್ನೊಮ್ಮೆ ದೃಷ್ಟಿ ತೆಗೆದಿದ್ದರು. ಮಳೆಯೂ ನಿಂತಿತು. ಮಗು ದಿನೇದಿನೇ ಸುಧಾರಿಸಿತು. ಆಮೇಲೂ ಚಳಿಗಾಲದಲ್ಲಿ ಒಂದೆರಡು ಸಲ ಎದೆ ಕಟ್ಟಿದ್ದುಂಟು, ಆ ಮನೆ ಬಿಟ್ಟ ಮೇಲೂ. ಅದಕ್ಕೇ ನನಗೆ ಧೈರ್ಯವಾಗಿ ಗೋಡೆಯದೇ ತಪ್ಪು ಎನ್ನಲು ಆಗುವುದಿಲ್ಲ.

ಓನರ್ ಗಾರೆ ಕೆಲಸದವರನ್ನು ಕರೆಸಿದರು. ಅವರಲ್ಲಿ ಒಬ್ಬ ತೊಟ್ಟಿ ಸೋರಿದೆ ಎಂದ, ಇನ್ನೊಬ್ಬ ಬುನಾದಿಯಿಂದ ನೀರು ಏರಿದೆ ಎಂದ. ಓನರ್ ಬಾಣಂತಿಯ ಬಿಸಿನೀರಿನ ಹಬೆ ಎಂದರು. ಗಾರೆ ಕೆತ್ತಿದಾಗ ಒಳಗಿನ ಇಟ್ಟಿಗೆ ಕೈಯಲ್ಲಿ ಹಿಂಡಿದರೆ ನೀರು ಬರುವಂತಿತ್ತು. ಎಲ್ಲಿಂದ ಬಂದ ನೀರು ಎಂದು ಇಟ್ಟಿಗೆ ಹೇಳಲಿಲ್ಲ.

ತಾಯಿ ನನ್ನ ಮುಂದೆ ಆ ವಿಷಯ ಎತ್ತುತ್ತಿರಲಿಲ್ಲ. ಒಮ್ಮೆ ಮಾತ್ರ, ಅಕ್ಕ ಗಂಡನ ಮನೆಗೆ ಹೋದ ಮೇಲೆ, ಬಟ್ಟೆ ಮಡಿಸುತ್ತ ನನ್ನನ್ನು ಕೇಳಿದರು. "ನಾನು ಒರೆಸ್ತಿದ್ನಲ್ಲ, ಆಮೇಲೆ ಅದೇ ಕೈಯಲ್ಲಿ ಮಗೂನ ಎತ್ಕೊಳ್ತಿದ್ದೆ. ಅದು ಮಸಿ ಅಂತಾನೇ ಅಂದ್ಕೊಂಡಿದ್ದೆ ಕಣೋ. ನೀನೂ ನೋಡಿದ್ಯಲ್ಲ, ಮಸಿ ಥರಾನೇ ಇರ್ಲಿಲ್ವಾ?" ಬೀರುವಿನ ಹೊರಗೆ ಕಾಣುತ್ತಿದ್ದದ್ದು ಮಸಿಯ ಥರವೇ ಇತ್ತು. ಹೌದಮ್ಮ ಎಂದೆ, ಅದು ಸುಳ್ಳಲ್ಲ. ಎರಡನೇ ಹೆರಿಗೆಗೆ ಅಕ್ಕ ತವರಿಗೆ ಬರಲಿಲ್ಲ. ತಾಯಿಯೇ ಅವಳ ಮನೆಗೆ ಹೋಗಿ ಬಾಣಂತನ ಮಾಡಿದರು. ಅಲ್ಲಿ ಕಿಟಕಿ ಮುಚ್ಚಿದರೋ ಇಲ್ಲವೋ ನಾನು ಕೇಳಲಿಲ್ಲ.

ಅಕ್ಕನ ಮಗಳಿಗೆ ನಾನು ಹೇಳಬಲ್ಲದ್ದು ಇಷ್ಟು. ಧೂಳು ಎದ್ದದ್ದು ಕಂಡೆ. ಉಸಿರು ನಿಂತದ್ದು ಕೈಗೆ ತಿಳಿಯಿತು. ಮರದ ಕೆಳಗೆ ಉಸಿರು ಬಂತು. ಈ ಮೂರನ್ನು ಸೇರಿಸುವ ದಾರ ನನ್ನ ಹತ್ತಿರವಿಲ್ಲ.

ಅಂದು ಅಲ್ಲಿದ್ದ ದೊಡ್ಡವರಲ್ಲಿ ತಾಯಿ, ಎರೆಯುವ ಅಜ್ಜಿ, ಡಾಕ್ಟರು, ಓನರ್ ಯಾರೂ ಈಗಿಲ್ಲ. ಬದುಕಿರುವವರು ನನ್ನನ್ನು ಬಿಟ್ಟರೆ ಇಬ್ಬರು. ಅಕ್ಕ, ಬೀರುವಿನ ಹಿಂದಿನ ಗೋಡೆಯನ್ನು ನನಗಿಂತ ಹತ್ತಿರದಿಂದ ಕಂಡವಳು. ಅದು ಕಪ್ಪಲ್ಲ, ಹಸಿರು ಎನ್ನುತ್ತಾಳೆ. ಇನ್ನೊಬ್ಬರು ಓನರ್ ಸೊಸೆ. ಆ ಬೆಳಿಗ್ಗೆ ಅವರು ಹೊರಮೆಟ್ಟಿಲ ನಡುವೆ ನಿಂತಿದ್ದರು, ನಾನು ಬಾಗಿಲಿಂದ ಬಂದದ್ದನ್ನು ಮೇಲಿನಿಂದ ನೋಡಿದ್ದರು. ಈಗ ಜೆ.ಪಿ. ನಗರದಲ್ಲಿ, ಆಮೇಲೆ ಹುಟ್ಟಿದ ಮಗನ ಜೊತೆ ಇದ್ದಾರೆ, ನೆನಪು ಚುರುಕಾಗಿದೆ. ಕಳೆದ ತಿಂಗಳು ಹೋಗಿ ಕೇಳಿದೆ. ನಾನು ಬಾಗಿಲು ದಾಟುವಾಗಲೇ ಮಗು ಅಳುತ್ತಿತ್ತು, ಆ ಅಳು ಕೇಳಿಯೇ ತಾವು ತಿರುಗಿ ನೋಡಿದ್ದು ಎಂದರು. ಹಾಗಿದ್ದರೆ ಉಸಿರು ಬಂದದ್ದು ಒಳಗೇ. ನಿನ್ನ ಮಗನ ಡಾಕ್ಟರಿಗೆ ಏನನ್ನಾದರೂ ಹೇಳುವ ಮುಂಚೆ ಓನರ್ ಸೊಸೆಯನ್ನೂ ಒಮ್ಮೆ ಕಂಡು ಬಾ ಎಂದು ಅಕ್ಕನ ಮಗಳಿಗೆ ವಿಳಾಸ ಕೊಟ್ಟಿದ್ದೇನೆ.